ಕೋದಂಡಪ್ಪನ ಕೊಕ್ಕೆಹುಳ

ನಾನು ನರ್ಸಾಗಿದ್ದದ್ದು ಚಿನ್ನದ ಗಣಿಯೊಂದರ ಆಸ್ಪತ್ರೆಯಲ್ಲಿ. ಯಾವ ಗಣಿ ಅಂತ ಕೇಳಬೇಡಿ, ಅದೇ ಕಂಪನಿಯ ಮನೆಯಲ್ಲಿ ನಾನಿನ್ನೂ ವಾಸವಿದ್ದೇನೆ. ಆ ಆಸ್ಪತ್ರೆಯಲ್ಲಿ ಕೂಲಿಯವನಿಗೆ ಬರಬಹುದಾದ ಕಾಯಿಲೆಗಳು ಎರಡೇ: ಒಂದು ಮೂಳೆ ಮುರಿತ, ಇನ್ನೊಂದು ಕೊಕ್ಕೆಹುಳ. ಮೂಳೆ ಮುರಿದಿಲ್ಲವೆಂದರೆ ಕೊಕ್ಕೆಹುಳ. ಹುಳ ಸುಳ್ಳಲ್ಲ, ಸುರಂಗದ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡುವವರ ಹೊಟ್ಟೆ ಸೇರಿ, ರಕ್ತ ಹೀರಿ, ಆಳನ್ನು ಸುಸ್ತು ಮಾಡುತ್ತಿತ್ತು. ನಮ್ಮ ದೊಡ್ಡ ಡಾಕ್ಟರ್ ದೊರೆಗಳು ಅದನ್ನು ಓಡಿಸಿಯೇ ಹೆಸರು ಮಾಡಿದವರು. ಸುಸ್ತಾಗಿ ಕೂತ ಯಾರನ್ನೇ ಕಂಡರೂ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವರು, ಬೆಳ್ಳಗಿದ್ದರೆ ಬೇದಿ ಔಷಧಿ ಬರೆಯುವರು. ಕೆಂಪಗಿದ್ದರೂ ಬರೆಯುವರು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಮುನಿಶಾಮಮ್ಮ ಎಂಬ ಹೆಂಗಸು ಗಂಡನನ್ನು ಕೈಹಿಡಿದು ಕರೆತಂದಳು. ಬೇತಮಂಗಲದ ಕಡೆಯ ಕೋದಂಡಪ್ಪ ಸುರಂಗದೊಳಗೆ ಮರದ ಆಸರೆ ಕಟ್ಟುವ ಕೆಲಸದವನು.

"ಒಂದ್ ತಿಂಗ್ಳಿಂದ ಗೋಡೆ ನೋಡ್ಕಂಡು ಕುಂತವ್ರೆ ನರ್ಸಮ್ಮ. ಮುದ್ದೆ ಮುಂದಿಟ್ರೆ ಮುದ್ದೇನೇ ನೋಡ್ತಾರೆ, ತಿನ್ನಾಕಿಲ್ಲ" ಎಂದಳು.

ನಾನು ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿ ಒಂದು ವರ್ಷ ಕಲಿತು ಬಂದವಳು. ಆ ತಪ್ಪಿಗೆ ಇಲ್ಲಿ ನನ್ನನ್ನು ಹುಚ್ಚಿನ ನರ್ಸು ಎಂದು ಕರೆಯುತ್ತಿದ್ದರು. ಅಲ್ಲಿ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ: ರೋಗಿ ಎಷ್ಟು ಹೊತ್ತು ಮಲಗಿದ, ಎಷ್ಟು ತಿಂದ, ಏನು ಮಾತಾಡಿದ, ಯಾವ ಹೊತ್ತಿಗೆ ಅತ್ತ, ಎಲ್ಲ ಬರೆದಿಡು. ಬರೆದೆ. ಕೋದಂಡಪ್ಪ ಬೆಳಗಿನ ಜಾವ ಮೂರಕ್ಕೇ ಎಚ್ಚರಗೊಳ್ಳುತ್ತಿದ್ದ. ಬೆಳಿಗ್ಗೆ ಅವನ ಪಾಡು ನೋಡಲಾಗುತ್ತಿರಲಿಲ್ಲ, ಸಂಜೆಗೆ ಒಂದಿಷ್ಟು ಹಗುರವಾಗುತ್ತಿದ್ದ. ದೊರೆಗಳು ವಾರ್ಡಿಗೆ ಬರುತ್ತಿದ್ದದ್ದು ಸಂಜೆ, ಕ್ಲಬ್ಬಿಗೆ ಹೋಗುವ ದಾರಿಯಲ್ಲಿ.

ಅವರಿಗೆ ಕನ್ನಡ ಬಾರದು. ನಡುವೆ ಕಾಂಪೌಂಡರ್ ಕುಪ್ಪುಸ್ವಾಮಿ ನಿಂತು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಕೋದಂಡಪ್ಪ ಗೋಡೆಗೆ ಮುಖ ಮಾಡಿಯೇ, "ನಾನಿದ್ದು ಯಾರ್ಗೇನು ಸುಖ ಸಾಮಿ? ನಾನು ಕಟ್ಟಿದ ಮರ ಒಂದಿನ ಬಿದ್ದು ನಾಕ್ ಜನ ಸಾಯ್ತಾರೆ. ಅದ್ಕಿಂತ ನಾನೇ ಮುಂಚೆ ಹೋದ್ರೆ ವಾಸಿ" ಎಂದ. ಇಷ್ಟು ಹೇಳಲು ಅವನಿಗೆ ಕಾಲು ಗಂಟೆ ಬೇಕಾಯಿತು. ಕುಪ್ಪುಸ್ವಾಮಿ ಅದನ್ನು ಎರಡೇ ಮಾತಿನಲ್ಲಿ ಮುಗಿಸಿದ: ತುಂಬಾ ಸುಸ್ತಂತೆ. ದೊರೆಗಳು ರೆಪ್ಪೆ ಎಳೆದರು, ಬೇದಿ ಬರೆದರು.

ಇದು ವಿಷಾದರೋಗ, ಪ್ರಾಣ ತೆಗೆದುಕೊಂಡಾನು, ಬೆಂಗಳೂರಿಗೆ ಕಳಿಸಲು ಕಾಗದ ಬೇಕು ಎಂದು ನಾನು ಚಾರ್ಟು ಹಿಡಿದು ನಿಂತೆ. "ನರ್ಸು ಬರೆದದ್ದನ್ನು ಡಾಕ್ಟರು ಓದುವ ಪದ್ಧತಿ ಇಲ್ಲ" ಎಂದರು. ನಾನು ಅವನ ತಲೆವಸ್ತ್ರ, ಉಡಿದಾರ ಬಿಚ್ಚಿಟ್ಟುಕೊಂಡು, ಮಂಚವನ್ನು ನನ್ನ ಮೇಜಿನ ಎದುರಿಗೆ ಎಳೆಸಿದೆ. ಏಳು ವಾರ ಅವನನ್ನು ಕಾದೆ.

ಎಂಟನೆಯ ವಾರ ಕೋದಂಡಪ್ಪ ಎದ್ದು ಕೂತು ನಾಲ್ಕು ಮುದ್ದೆ ತಿಂದ. ಮರುದಿನ ವಾರ್ಡು ಗುಡಿಸಿದ, ಅದರ ಮರುದಿನ ಎಲ್ಲರ ಮಂಚಗಳನ್ನೂ ಜಾಗ ಬದಲಿಸಿದ. ದೊರೆಗಳ ಸಂತೋಷ ಹೇಳತೀರದು. ಹುಳ ಹೋಯಿತು ಎಂದು ಬರೆದು ಡ್ಯೂಟಿಗೆ ಕಳಿಸಿದರು. ಅವನು ಎರಡೆರಡು ಪಾಳಿ ದುಡಿದ, ಮೇಸ್ತ್ರಿಗಳು ಹೊಗಳಿದ್ದೇ ಹೊಗಳಿದ್ದು. ಇಂಥವರು ಹತ್ತು ಜನ ಬೇಕು ಎಂದು ಮ್ಯಾನೇಜರ್ ಹೇಳಿದನಂತೆ. ದೊರೆಗಳು ಲಂಡನ್ನಿನ ಪತ್ರಿಕೆಗೆ ಲೇಖನ ಬರೆಯಲು ಕೂತರು.

ಮುನಿಶಾಮಮ್ಮ ಮಾತ್ರ ಅಳುತ್ತಾ ಬಂದಳು. "ಐದು ದಿನದಿಂದ ಕಣ್ಣು ಮುಚ್ಚಿಲ್ಲ ನರ್ಸಮ್ಮ. ಮನೇಲಿದ್ದ ಪಾತ್ರೆ ಎಲ್ಲಾ ಕೂಲಿ ಲೈನಿನೋರಿಗೆ ಹಂಚ್ಬುಟ್ರು. ಗಣೀನೇ ನಂದು ಅಂತಾರೆ. ಮೊದ್ಲು ಸಾಯ್ತೀನಿ ಅಂತಿದ್ರು, ಈಗ ನಂಗೆ ಸಾವೇ ಇಲ್ಲ ಅಂತವ್ರೆ. ಮೊನ್ನೆ ಆಸರೆ ಇಲ್ದೆ ಬಂಡೆ ಕೆಳಗೆ ನಿಂತ್ಕಂಡು ಹಾಡೇಳಿದ್ರಂತೆ!"

ಒಂದೇ ರೋಗದ ಎರಡು ಮುಖ ಇದು. ದೊರೆಗಳ ಬಂಗಲೆಗೇ ಹೋಗಿ ಹೇಳಿದೆ. ಗುಣವಾದವನನ್ನು ರೋಗಿ ಎನ್ನುತ್ತೀಯಾ, ನಿನಗೇ ರಜೆ ಬೇಕೇನೋ ಎಂದರು. ನನಗೆ ಮೈಯೆಲ್ಲಾ ಉರಿದುಹೋಯಿತು. ಆಳು ಸುಮ್ಮನೆ ಕೂತರೆ ಕಾಯಿಲೆ, ಎರಡಾಳಿನ ಕೆಲಸ ಮಾಡಿದರೆ ಆರೋಗ್ಯ. ಇಷ್ಟಕ್ಕೆ ಡಾಕ್ಟರಾದರೂ ಯಾಕೆ ಬೇಕು, ಮೇಸ್ತ್ರಿಯೇ ಸಾಕು.

ಆ ವಾರವೇ ಲಂಡನ್ನಿನಿಂದ ಮೂವರು ಡೈರೆಕ್ಟರುಗಳು ಬಂದರು. ವಾರ್ಡಿಗೆ ಸುಣ್ಣ ಬಳಿದು, ಕೋದಂಡಪ್ಪನಿಗೆ ಹಾರ ಹಾಕಿ ನಡುವೆ ನಿಲ್ಲಿಸಿದರು. ದೊರೆಗಳು ಅವನ ಹಳೆಯ ತೂಕ, ಹೊಸ ತೂಕ ಓದತೊಡಗಿದರು. ಕೋದಂಡಪ್ಪ ಒಂದು ನಿಮಿಷ ಕೇಳಿದ. ಆಮೇಲೆ ದೊರೆಗಳ ಕೊರಳಿನ ಸ್ಟೆತಸ್ಕೋಪು ತೆಗೆದು ತಾನು ಹಾಕಿಕೊಂಡು, ಹಿರಿಯ ಡೈರೆಕ್ಟರನ ರೆಪ್ಪೆ ಎಳೆದು ನೋಡಿದ. ಮುಖ ನೋಡಿದ, ಕೈ ನೋಡಿದ.

"ಅಯ್ಯೋ ಪಾಪ, ಎಂಗ್ ಬಿಳ್ಚ್ಕಂಡವ್ನೆ ನೋಡು ನರ್ಸಮ್ಮ! ಮೈನಾಗೆ ರಕ್ತಾನೇ ಇಲ್ಲ. ಹುಳ ಕಣಮ್ಮೋ, ಮೂರು ಜನಕ್ಕೂ ಹುಳ! ನಮ್ ರಕ್ತ ಕುಡ್ದೂ ಕುಡ್ದೂ ಹಿಂಗಾಗವ್ರೆ. ಕುಪ್ಪುಸ್ವಾಮೀ, ಬೇದಿ ಕೊಡ್ಲಾ!"

ಕುಪ್ಪುಸ್ವಾಮಿ ಅಂದು ಮೊದಲ ಬಾರಿಗೆ ಒಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದ. ಯಾಕೆ ಅಂತ ನಾನು ಇವತ್ತಿಗೂ ಅವನನ್ನು ಕೇಳಿಲ್ಲ.

ಎರಡು ತಿಂಗಳು ಬೇಡಿದರೂ ಸಿಗದ ಕಾಗದಕ್ಕೆ ಹತ್ತು ನಿಮಿಷದಲ್ಲಿ ಸಹಿ ಬಿತ್ತು. ದೊರೆಗಳು ಖುದ್ದಾಗಿ ನನ್ನ ಚಾರ್ಟುಗಳನ್ನು ಕೇಳಿದರು. ಅವುಗಳಲ್ಲಿ ಅರ್ಧವನ್ನು ಔಷಧಿ ಕೋಣೆಯಲ್ಲಿ ಹರಿದು ಪುಡಿಯ ಪೊಟ್ಟಣ ಕಟ್ಟಿಯಾಗಿತ್ತು, ಉಳಿದರ್ಧ ಕೊಟ್ಟೆ. ಹುಚ್ಚಾಸ್ಪತ್ರೆಗೆ ಸೇರಿಸಲು ಬೇಕಾದ ಮ್ಯಾಜಿಸ್ಟ್ರೇಟರ ಅಪ್ಪಣೆ ಬರಲು ಹನ್ನೆರಡು ದಿನ ಹಿಡಿಯಿತು. ನಿದ್ದೆ ಬರಿಸುವ ಬ್ರೋಮೈಡು ಕುಡಿಸಿ, ಮಂಚದ ಪಕ್ಕ ಕೂತು ಅವನನ್ನು ಉಳಿಸಿಕೊಂಡೆ. ಅಷ್ಟರಲ್ಲಿ ಅವನ ಆರ್ಭಟ ಇಳಿದು ಮಾತು ಮೆಲ್ಲಗಾಗಿತ್ತು.

ಬಂಗಾರಪೇಟೆಯಲ್ಲಿ ಬೆಂಗಳೂರಿನ ಗಾಡಿ ಹತ್ತಿಸಲು ನಾನೂ ಹೋದೆ. ಕಾನ್‌ಸ್ಟೇಬಲ್ ಬೀಡಿ ಸೇದಲು ಹೋಗಿದ್ದ. ಮುನಿಶಾಮಮ್ಮ ಬುತ್ತಿಗಂಟು ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಕೋದಂಡಪ್ಪ ತಲೆ ತಗ್ಗಿಸಿಕೊಂಡೇ ಕೇಳಿದ:

"ನರ್ಸಮ್ಮ, ಸಾಯ್ತೀನಿ ಅಂತ ನಾನು ಮೆತ್ತಗೆ ಏಳ್ತಿದ್ನಲ್ಲ, ಆವತ್ತೇ ಯಾಕೆ ಕಳಿಸ್ಲಿಲ್ಲ ಇವ್ರು?"

"ಮೆತ್ತಗೆ ಹೇಳಿದ್ದು ಇವರ ಕಿವಿಗೆ ಬೀಳೋದಿಲ್ಲ ಕಣಪ್ಪ" ಎಂದೆ. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

ಅವನು ಗಾಡಿ ಬಂದಾಗ ಎದ್ದು ನಿಂತು, "ನಮ್ ವಾರ್ಡಿನ ಕೊನೇ ಮಂಚದಾಗೆ ಒಬ್ಬ ಅವ್ನೆ. ಹುಳ ಅಂತ ಬರ್ದವ್ರೆ. ಮೂರು ದಿನದಿಂದ ಅನ್ನ ಮುಟ್ಟಿಲ್ಲ, ಗೋಡೆ ನೋಡ್ತಾನೆ. ಅವ್ನು ನನ್ನಂಗೆ ಯಾವ ದೊರೇನೂ ಬಯ್ಯಾಕಿಲ್ಲ ಕಣಮ್ಮ" ಎಂದ.

ಹನ್ನೆರಡು ದಿನ ಇವನೊಬ್ಬನನ್ನೇ ಕಾಯುತ್ತಾ ಕೂತಿದ್ದ ನಾನು, ಆ ಕೊನೆಯ ಮಂಚವನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಗಣಿಗೆ ವಾಪಸಾಗಲು ಊರಿಗಾಂ ಕಡೆಗೆ ಹೋಗುವ ಗಾಡಿಗೆ ಇನ್ನೂ ಒಂದು ಗಂಟೆಯಿತ್ತು. ನಾನು ಕಾಯಲಿಲ್ಲ, ಸ್ಟೇಷನ್ ಹೊರಗೆ ನಿಂತಿದ್ದ ಜಟಕಾ ಹತ್ತಿ ಆಸ್ಪತ್ರೆಗೆ ಬೇಗ ಓಡಿಸಪ್ಪ ಎಂದೆ.