ಖರಬೂಜದ ಬರ್ಫ್

ಸ್ಟೀಲಿನ ಬಟ್ಟಲು ಹೊಸ್ತಿಲು ದಾಟಿ ಉರುಳಿ ಬಂದು ಕರುಣಾಳ ಪಾದಕ್ಕೆ ಬಡಿಯಿತು. ಅದರಲ್ಲಿ ಅವಳು ರಸ ಹೆಪ್ಪುಗಟ್ಟಿಸಿ ಕೊಟ್ಟಿದ್ದ ಖರಬೂಜದ ಬರ್ಫ್ ನೆಲದುದ್ದಕ್ಕೂ ಚೆಲ್ಲಿತ್ತು.

"ನಿನ್ನ ಫ್ರಿಜ್ಜಿಂದು ಬ್ಯಾಡ ಅಂದಿದ್ದೆ ಇಲ್ಲ?" ಒಳಗಿನಿಂದ ಅತ್ತೆ ಅಂಜನಾಬಾಯಿಯ ಒಡಕು ದನಿ ಬಂತು. ಅಷ್ಟು ಮಾತಾಡಿದ್ದಕ್ಕೇ ನೋವಾಗಿ ಆಕೆ ಗದ್ದ ಹಿಡಿದುಕೊಂಡಳು.

ಗಂಟಲಿನ ಕ್ಯಾನ್ಸರ್ ಗಡ್ಡೆಗೆ ಹೈದರಾಬಾದಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಆಕೆ ಬೀದರದ ಮಗನ ಮನೆಗೆ ಬಂದು ಎರಡು ವಾರವಾಗಿತ್ತು. ಬಾಯೊಳಗೆಲ್ಲ ಹುಣ್ಣು. ಗಂಜಿಯೂ ಇಳಿಯುತ್ತಿರಲಿಲ್ಲ. ತಣ್ಣಗಿನದು ಏನಾದರೂ ತಿನ್ನಿಸಿ, ಸೋಮವಾರದೊಳಗೆ ಹೊಟ್ಟೆಗೆ ಹೋಗದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಇವತ್ತು ಶನಿವಾರ.

ಠಾಣಾ ಕುಶನೂರಿನಲ್ಲಿ ಕುರಿ ಸಾಕಿ ಮಗ ಶಿವಕಾಂತನನ್ನು ಓದಿಸಿದವಳು ಆಕೆ. ಅವನು ಭಾಲ್ಕಿಯ ದಲಿತ ಬೌದ್ಧರ ಹುಡುಗಿ ಕರುಣಾಳನ್ನು ಮದುವೆಯಾಗಿ ಆರು ವರ್ಷವಾದರೂ ಸೊಸೆ ಮುಟ್ಟಿದ ನೀರು ಕುಡಿದವಳಲ್ಲ. ಇಲ್ಲಿಗೂ ತನ್ನ ಕೊಡ, ಸ್ಟೋವು, ಪಾತ್ರೆ ಭಾಂಡೆ ತಂದುಕೊಂಡು ಹಿಂದಿನ ಕೋಣೆ ಸೇರಿದ್ದಳು. ಆ ಹೊಸ್ತಿಲಿನಾಚೆ ಕರುಣಾ ಕಾಲಿಡುವಂತಿರಲಿಲ್ಲ.

ಕರುಣಾ ನೆಲ ಒರೆಸಿದಳು. ಗಂಡನಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಶಿವಕಾಂತ ಐಸ್ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ಬರ್ಫಿನ ಗಡ್ಡೆ ತಂದಿಟ್ಟು, ಯಾರ ಮುಖವನ್ನೂ ನೋಡದೆ ಆಫೀಸಿಗೆ ಹೋದ.

ಅವಳು ಒಂದು ಇಡೀ ಖರಬೂಜ, ಸಕ್ಕರೆ ಪ್ಯಾಕೆಟ್ಟು ಹೊಸ್ತಿಲ ಮೇಲಿಟ್ಟಳು.

"ಸಿಪ್ಪಿ ಮ್ಯಾಲ ಅಷ್ಟೇ ನಾ ಮುಟ್ಟೀನಿ, ತೊಳಕೋರಿ. ಸಕ್ಕರಿ ಒಡದಿಲ್ಲ. ನಿಮ್ಮ ಡಬ್ಬಿ, ನಿಮ್ಮ ಕೈ. ಮಾಡ್ಕೊಂಡು ತಿನ್ರಿ."

"ನನಗ ಬರಲ್ಲ."

"ನಾ ಹೇಳ್ತೀನಿ. ಮಾತಿಗೂ ಮೈಲಿಗಿ ಇದ್ರ ಅದು ಬ್ಯಾರೆ."

ಅಂಜನಾಬಾಯಿ ಸಕ್ಕರೆ ಪ್ಯಾಕೆಟ್ಟನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ಕೈ ಚಾಚಿ ಹಣ್ಣನ್ನು ಎಳೆದುಕೊಂಡಳು.

"ಬೀಜ ತಗೀರಿ. ಕೈಲೆ ಹಿಚುಕಿ ಅರಿವ್ಯಾಗ ಸೋಸ್ರಿ. ಸಕ್ಕರಿ ಇನ್ನೂ ಹಾಕ್ರಿ. ತಣ್ಣಗಾದ ಮ್ಯಾಲ ಸಿಹಿ ಕಡಿಮಿ ಹತ್ತತದ."

ಕರುಣಾ ಹೊರಗೆ ಗೋಣಿಚೀಲದ ಮೇಲೆ ಗುಂಡುಕಲ್ಲು ಎತ್ತಿ ಬಡಿದಳು, ಬೇಕಾಗಿದ್ದಕ್ಕಿಂತ ಜೋರಾಗಿ. ಪುಡಿಯಾದ ಬರ್ಫನ್ನು ಬಕೆಟ್ಟಿಗೆ ಸುರಿದು, ನಡುನಡುವೆ ಹರಳುಪ್ಪು ಹಾಕಿ, ಬಕೆಟ್ಟನ್ನು ಒಳಗೆ ನೂಕಿದಳು.

"ಡಬ್ಬಿ ಇದರಾಗ ಹೂತು ತಿರಗಸ್ಕೋತ ಇರ್ರಿ. ಮುಚ್ಚಳ ಬಿಗಿಯಾಗಿ ಹಾಕ್ರಿ. ಉಪ್ಪಿನ ನೀರು ಒಳಗ ಹೋದ್ರ ಉರಿಯೋದು ನಿಮ್ಮ ಬಾಯಿ, ನಂದಲ್ಲ."

"ನಿನಗ ಅದೇ ಬೇಕಾಗ್ಯಾದ."

"ಬೇಕಾಗಿದ್ರ ಹೇಳ್ತಿರ್ಲಿಲ್ರಿ."

ಕುರಿಯ ಉಣ್ಣೆ ಕತ್ತರಿಸಿ ಬಲಿತ ಕೈಗಳು ಡಬ್ಬಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸತೊಡಗಿದವು. ಆಗಾಗ ಮುಚ್ಚಳ ತೆಗೆಸಿ, ಅಂಚಿಗೆ ಕಟ್ಟಿದ್ದನ್ನು ಚಮಚದಿಂದ ಕೆರೆದು ನಡುವಿಗೆ ಸೇರಿಸುವಂತೆ ಕರುಣಾ ಹೇಳುತ್ತಿದ್ದಳು. ಮೂರನೇ ಸಲಕ್ಕೆ ಮುದುಕಿಯ ತೋಳು ಸೋತು ನಿಂತಿತು. ಕರುಣಾಳ ಕೈ ತಾನಾಗಿ ಮುಂದೆ ಬಂತು. ಅಂಜನಾಬಾಯಿ ಬಕೆಟ್ಟನ್ನು ತನ್ನತ್ತ ಎಳೆದುಕೊಂಡಳು.

"ಹಂಗಾರ ತಿರಗಸ್ರಿ," ಎಂದಳು ಕರುಣಾ.

ಮುಕ್ಕಾಲು ಗಂಟೆಗೆ ರಸ ತರಿತರಿಯಾಗಿ ಕಟ್ಟಿತು. ಅಂಜನಾಬಾಯಿ ಡಬ್ಬಿಯನ್ನು ಒರೆಸಿ, ಒಂದಿಷ್ಟನ್ನು ತನ್ನ ಬಟ್ಟಲಿಗೆ ಹಾಕಿಕೊಂಡು, ಬೆನ್ನು ತಿರುಗಿಸಿ ಕೂತು, ಚಮಚ ಬಾಯಿಗಿಟ್ಟಳು. ಭುಜಗಳು ಬಿಗಿದವು. ನಿಧಾನಕ್ಕೆ ಸಡಿಲಾದವು. ಇನ್ನೊಂದು ಚಮಚ. ಮತ್ತೊಂದು. ಬಟ್ಟಲು ಖಾಲಿಯಾಗುವವರೆಗೂ ಆಕೆ ತಿರುಗಲಿಲ್ಲ. ಕರುಣಾ ಹೊಸ್ತಿಲ ಹೊರಗೆ ಕೂತು ಆ ಬೆನ್ನನ್ನೇ ನೋಡುತ್ತಿದ್ದಳು.

ಕೊನೆಗೆ ಡಬ್ಬಿ ನೆಲದ ಮೇಲೆ ಕಿರ್ರೆಂದು ಜಾರಿ ಹೊಸ್ತಿಲಿಗೆ ಬಂತು.

"ತಗೋ. ಎಂಜಲಲ್ಲ. ಮದಲೇ ತಗದಿಟ್ಟೀನಿ."

ಕರುಣಾ ಡಬ್ಬಿಯೊಳಗೆ ನೋಡಿದಳು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ.

"ನಾನೂ ನಿಮ್ಮ ಕೈಯಾಗಿಂದು ತಿನ್ನಂಗಿಲ್ರಿ."

ಕರುಣಾ ಎದ್ದು, ಒದ್ದೆ ಗೋಣಿಚೀಲ ಝಾಡಿಸಿ ಹೆಗಲಿಗೆ ಹಾಕಿಕೊಂಡಳು.

"ನಾಳಿಗಿ ಮತ್ತ ಬರ್ಫ್ ತರಸ್ತೀನಿ," ಎಂದು ಅಂಗಳಕ್ಕೆ ನಡೆದಳು.

ಅಂಜನಾಬಾಯಿ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಧ್ಯಾಹ್ನದ ಸೆಕೆಯಲ್ಲಿ ಅದರೊಳಗಿನ ಬರ್ಫ್ ಅಂಚಿನಿಂದ ಕರಗಿ ಬಿಟ್ಟುಕೊಂಡು, ತನ್ನದೇ ನೀರಿನಲ್ಲಿ ತೇಲತೊಡಗಿತು.