'ಇತರೆ' ರದ್ದು

ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಸೋದೇನೆಂದರೆ, ಬರುವ ಸೋಮವಾರ ಬೆಳಗ್ಗೆ ಹತ್ತು ಗಂಟೆಯಿಂದ ಈ ಕಾರ್ಖಾನೆಯಲ್ಲಿ 'ಇತರೆ' ಅನ್ನೋದು ಇರೋದಿಲ್ಲ.

ಹೀಗಂತ ನೋಟೀಸು ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿಕೊಂಡ ಮ್ಯಾನೇಜರ್ ಮುಖದಲ್ಲಿ ರಾಜ್ಯ ಗೆದ್ದ ಕಳೆ. ರದ್ದಾಗಬೇಕಿದ್ದದ್ದು ಕಂಪ್ಯೂಟರಿನ ಒಂದು ಕೋಡು, ಅಷ್ಟೆ. ಕುಕ್ಕರ್ ಮಾಡೋ ಕಾರ್ಖಾನೆ ಅದು. ಯಾವ ಭಾಗವನ್ನು ಹೇಗೆ ತಪಾಸಣೆ ಮಾಡಬೇಕು ಅನ್ನೋ ಪ್ರತಿ ಪ್ಲಾನಿಗೂ ಒಂದು ವರ್ಗದ ಕೋಡು ಇರಬೇಕು. ಒಳಗೆ ಬರೋ ಮಾಲಿಗೆ ಒಂದು, ಹೊರಗೆ ಹೋಗೋ ಮಾಲಿಗೆ ಇನ್ನೊಂದು. ಎಲ್ಲೂ ಹೊಂದದ್ದನ್ನೆಲ್ಲ ಎಂಟು ವರ್ಷದಿಂದ 'ಇತರೆ'ಗೆ ತಳ್ಳುತ್ತಾ ಬಂದಿದ್ದರು, ಹಳೇ ಸಾಮಾನನ್ನು ಅಟ್ಟಕ್ಕೆ ತಳ್ಳಿದ ಹಾಗೆ. ಸೋಮವಾರ ದೊಡ್ಡ ಗಿರಾಕಿಯ ಕಡೆಯಿಂದ ಆಡಿಟರುಗಳು ಬರುವವರಿದ್ದರು. ಬಂದವರಿಗೆ ಅಟ್ಟ ತೋರಿಸೋಕಾಗುತ್ತ?

ನೋಟೀಸು ಓದಿದವರೆಲ್ಲ ನಕ್ಕರು. ಗೇಜಕ್ಕ ಮಾತ್ರ ಅದನ್ನು ಎರಡು ಸಲ ಓದಿದಳು. ತಪಾಸಣೆ ವಿಭಾಗದವಳು, ಜೇಬಿನಿಂದ ಅಳತೆಯ ಗೇಜು ಸದಾ ಇಣುಕುತ್ತಿದ್ದರಿಂದ ಆ ಹೆಸರು. ಹೊಸ ಕೋಡು ಹಾಕೋ ಕೆಲಸ ಅವಳ ತಲೆಗೇ ಬಂದಿತ್ತು. ಅಟ್ಟದಲ್ಲಿ ಏನಿದೆ ಅಂತ ಗೊತ್ತಿದ್ದದ್ದು ಅವಳಿಗೆ ಮತ್ತು ಮ್ಯಾನೇಜರಿಗೆ ಮಾತ್ರ.

ಸೀಟಿ ಕಟ್ಟಿಕೊಂಡರೂ ಕುಕ್ಕರ್ ಸಿಡಿಯದ ಹಾಗೆ ಆವಿ ಬಿಡೋದು ಸೇಫ್ಟಿ ವಾಲ್ವ್. ಐದು ತಿಂಗಳ ಹಿಂದೆ ಅದನ್ನು ಪರೀಕ್ಷಿಸೋ ಯಂತ್ರ ಕೆಟ್ಟು ಕೂತಿತ್ತು, ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. "ಈ ಲಾಟನ್ನ 'ಇತರೆ'ಗೆ ಹಾಕಮ್ಮ, ಅಲ್ಲಿ ಟೆಸ್ಟ್ ಆಗದಿದ್ರೂ ಗೇಟ್‌ಪಾಸ್ ಬರುತ್ತೆ. ಯಂತ್ರ ರಿಪೇರಿ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ" ಅಂದಿದ್ದರು ಮ್ಯಾನೇಜರ್. ಹಾಕಿದಳು. ಯಂತ್ರ ರಿಪೇರಿ ಆಯಿತು. ನೋಡಿಕೊಳ್ಳೋದು ಮಾತ್ರ ಆಗಲಿಲ್ಲ.

ಒಟ್ಟಿಗೆ ತಯಾರಾದ ಆ ಕುಕ್ಕರುಗಳ ಲಾಟ್ ನಂಬರ್ 417. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಸಿಬ್ಬಂದಿಗೆ ಒಂದೊಂದು ಕುಕ್ಕರ್ ಹಂಚಿದ್ದರಲ್ಲ, ಅವೂ ಅದೇ ಲಾಟಿನವು. ಮನೆಯಲ್ಲಿ ಅದರ ತಳ ತಿರುಗಿಸಿ ನಂಬರ್ ಓದಿದ ದಿನದಿಂದ ಅವಳು ಒಲೆಗೆ ಬೆನ್ನು ಕೊಟ್ಟು ನಿಂತವಳಲ್ಲ. ಬೇರೆ ತರೋಣ ಅಂದರೆ ಯಾಕೆ ಅಂತ ಹೇಳಬೇಕಿತ್ತು.

"ಸೀಟಿ ಹೊಡೆದಾಗೆಲ್ಲ ಯಾಕೇ ಹಾಗೆ ಬೆಚ್ಚಿ ಬೀಳ್ತೀಯ?" ಅಂತ ಅತ್ತೆ ನಗುತ್ತಿದ್ದರು. "ಥೇಟ್ ನಿನ್ನ ಥರಾನೇ ಕಣೇ ಈ ಕುಕ್ಕರು. ಒಳಗೊಳಗೇ ಕುದಿಯುತ್ತೆ, ಬಾಯಿ ಬಿಡೋಕೆ ಮುಹೂರ್ತ ನೋಡುತ್ತೆ."

ಶನಿವಾರ ಬೆಳಗ್ಗೆ ಮ್ಯಾನೇಜರ್ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಹೆದರ್ಕೋಬೇಡ. 'ಹಳೆಯದು' ಅಂತ ಒಂದು ಕೋಡ್ ಮಾಡು. ಎಲ್ಲಾನೂ ಅಲ್ಲಿಗೆ ಸಾಗಿಸು. ಆಮೇಲೆ 'ಇತರೆ'ನ ಅಳಿಸು. ಹಳೇದನ್ನ ಯಾವ ಆಡಿಟರೂ ಕೆದಕಲ್ಲ. ನಿನ್ನ ಹೆಸರು ಬಚಾವು."

"ನಿಮ್ಮ ಹೆಸರು ಅಲ್ಲಿ ಎಲ್ಲೂ ಇಲ್ಲ ಅಲ್ವಾ ಸಾರ್?"

"ಇಲ್ಲಮ್ಮ. ನಿನಗೋಸ್ಕರಾನೇ ನಾನಿಷ್ಟು ಒದ್ದಾಡ್ತಿರೋದು."

ಇನ್ನೂರ ಹನ್ನೊಂದು ಪ್ಲಾನು ಸಾಗಿಸಿದಳು. ಕೊನೆಗೆ 'ಅಳಿಸು' ಒತ್ತಿದಳು. ಪರದೆ ಮೇಲೆ ಕೆಂಪಕ್ಷರ ಬಂತು: ಈ ಕೋಡ್ ಬಳಕೆಯಲ್ಲಿದೆ. ಅಳಿಸಲಾಗದು. ಬಾಕಿ: 1.

ಬಾಕಿ ಯಾವುದು ಅಂತ ತೆಗೆದು ನೋಡಬೇಕಾಗಿರಲಿಲ್ಲ. ಆದರೂ ತೆಗೆದಳು. 417ರ ತಪಾಸಣೆ ಇನ್ನೂ ಮುಗಿದಿಲ್ಲ; ಮುಗಿಯದ್ದು ಜಾಗ ಬಿಟ್ಟು ಕದಲೋದಿಲ್ಲ. ಒಂದು ಖಾಲಿ ಚೌಕ ತುಂಬಬೇಕು: ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಿತು?

"ಸೊನ್ನೆ ಹಾಕು" ಅಂದರು ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್.

ಸೊನ್ನೆಯನ್ನು ಕಂಪ್ಯೂಟರ್ ಒಪ್ಪಲಿಲ್ಲ.

"ಅಯ್ಯೋ, ಎರಡೂವರೆ ಅಂತ ಹಾಕಮ್ಮ! ಎಲ್ಲಾ ವಾಲ್ವೂ ಅಲ್ಲೇ ತಾನೇ ತೆರೆಯೋದು?"

ಎರಡನ್ನು ಒತ್ತಿದಳು. ಚುಕ್ಕಿ ಇಟ್ಟಳು. ಐದರ ಮೇಲೆ ಬೆರಳು ನಿಂತೇಬಿಟ್ಟಿತು. ಈ ಹೊತ್ತಿಗೆ ಅತ್ತೆ ಒಲೆ ಹಚ್ಚಿರುತ್ತಾರೆ.

ಅವಳು ಎದ್ದಳು.

"ಎಲ್ಲಿಗೆ?"

"ನಂಬರ್ ತರೋಕೆ ಸಾರ್."

ಪ್ರತಿ ಲಾಟಿನಿಂದ ಎರಡು ವಾಲ್ವ್ ಎತ್ತಿಡೋದು ಕಾರ್ಖಾನೆಯ ರೂಢಿ. ಸ್ಟೋರಿನಲ್ಲಿ 417ರ ಪೊಟ್ಟಣ ಧೂಳು ಹಿಡಿದು ಕೂತಿತ್ತು. ಒಂದನ್ನು ಯಂತ್ರಕ್ಕೆ ಸಿಕ್ಕಿಸಿ ಪಂಪು ಹಾಕಿದಳು. ಮುಳ್ಳು ಒಂದಕ್ಕೆ ಬಂತು. ಎರಡು. ಎರಡೂವರೆ. ತೆರೀ, ತೆರೀ ಅಂತ ತುಟಿ ತಾನಾಗೇ ಆಡುತ್ತಿತ್ತು. ಮೂರು. ನಾಲ್ಕು. ಮುಳ್ಳು ಕೆಂಪು ಗೆರೆ ದಾಟಿತು. ವಾಲ್ವ್ ಬಾಯಿ ಬಿಡಲಿಲ್ಲ. ಪಂಪು ನಿಲ್ಲಿಸಿ ಇನ್ನೊಂದನ್ನು ಸಿಕ್ಕಿಸಿದಳು. ಅದೂ ಹಾಗೇ.

ಹಿಂದೆಯೇ ಬಂದಿದ್ದ ಮ್ಯಾನೇಜರ್ ಬಾಗಿಲಲ್ಲೇ ನಿಂತರು. "ಎಷ್ಟಕ್ಕೆ ತೆರೀತು?"

"ತೆರೀಲಿಲ್ಲ ಸಾರ್. ಆ ಚೌಕಕ್ಕೆ ಹಾಕೋಕೆ ನಂಬರೇ ಇಲ್ಲ."

ಅವಳಾಗಲೇ ಫೋನ್ ಕಿವಿಗಿಟ್ಟಿದ್ದಳು. "ಅತ್ತೆ, ಒಲೆ ಆರಿಸಿ. ಮುಚ್ಚಳ ಮುಟ್ಟಬೇಡಿ. ಆರಿಸಿ ಹೊರಗೆ ಬಂದುಬಿಡಿ."

"ಇನ್ನೊಂದು ಸೀಟಿ ಬಾಕಿ ಇದೆ ಕಣೇ. ಏನಾಯ್ತು?"

"ಟೆಸ್ಟ್ ಮಾಡದೇ ಕಳಿಸಿದ್ದೆ ಅತ್ತೆ. ನಾನೇ ಕಳಿಸಿದ್ದು. ಆರಿಸಿ."

ಚಪ್ಪಲಿ ಎಳೆದ ಸದ್ದು, ಒಲೆಯ ನಾಬ್ ತಿರುಗಿದ ಸದ್ದು, ಬಾಗಿಲ ಚಿಲಕ. ಆಮೇಲೆ ಬೀದಿಯ ಗದ್ದಲ.

ಗೇಜಕ್ಕ ಮೇಜಿನ ಮೇಲಿದ್ದ ಡಿಸ್ಪ್ಯಾಚ್ ಪುಸ್ತಕ ಎಳೆದುಕೊಂಡು 417ರ ಹಾಳೆ ತೆಗೆದಳು. ಮಾಲು ಹೋದದ್ದು ಮೂವತ್ತೊಂದು ಅಂಗಡಿಗೆ.

"ಅಮ್ಮಾ, ಸೋಮವಾರ..." ಅಂದರು ಮ್ಯಾನೇಜರ್.

ಅವಳು ಮೊದಲ ಅಂಗಡಿಯ ನಂಬರ್ ಒತ್ತಿದಳು. ಆ ಕಡೆ ರಿಂಗಾಗುತ್ತಿತ್ತು. ಪಂಪು ನಿಲ್ಲಿಸಿದ್ದ ಯಂತ್ರದ ಮುಳ್ಳು ಇಳಿಯುತ್ತಿತ್ತು, ಇನ್ನೂ ಮೂರರ ಹತ್ತಿರ ಇತ್ತು.