ಆರ್ಫಾಳ ಮನೆಗೆ ಬಾರದ ಗದ್ದಲ

ಗದ್ದಲವೆಂದರೆ ಎಲ್ಲ ಕಡೆ ಕಿವಿ ಮುಚ್ಚಿಕೊಳ್ಳುತ್ತಾರೆ. ಅಯೋವಾದ ಆ ಮುಸುಕಿನ ಜೋಳದ ಸೀಮೆಯಲ್ಲಿ ಮಾತ್ರ ಒಂದು ಗದ್ದಲಕ್ಕಾಗಿ ಜನ ಕಾದು ಕೂರುತ್ತಿದ್ದರು. ಹೊಸದಾಗಿ ಮದುವೆಯಾದವರ ಮನೆಯನ್ನು ರಾತ್ರಿ ಊರವರು ಸುತ್ತುವರಿದು, ತಟ್ಟೆ, ಬೋಗುಣಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುವುದು. ಗಂಡಹೆಂಡಿರು ಬಾಗಿಲು ತೆರೆದು ತಿನ್ನಲು ಕೊಡುವುದು. ಅದಕ್ಕೆ ಶಿವರೀ ಎನ್ನುತ್ತಿದ್ದರು. ಅದಾಯಿತೆಂದರೆ ಊರು ನಿಮ್ಮನ್ನು ತನ್ನವರೆಂದು ಒಪ್ಪಿಕೊಂಡಿತು ಎಂದೇ ಅರ್ಥ.

ಆರ್ಫಾಳಿಗೆ ಅದು ಆಗಿರಲಿಲ್ಲ. ಆರು ವರ್ಷದ ಹಿಂದೆ ಮದುವೆಯಾದ ಹೊಸದರಲ್ಲೇ ಗಂಡ ವರ್ಲಿನ್‌ನೊಡನೆ ಪಟ್ಟಣದಿಂದ ಬಂದವಳು, ಊರವರು ಬರುತ್ತಾರೆಂಬ ಸುದ್ದಿ ನಂಬಿ, ಹಿಟ್ಟಿನೊಳಗೆ ಸೇಬು ತುಂಬಿದ ನಾಲ್ಕು ಪೈ ಬೇಯಿಸಿಟ್ಟು, ದೀಪ ಹಚ್ಚಿಕೊಂಡು ಬೆಳಗಿನವರೆಗೆ ಕೂತಿದ್ದಳು. ಒಂದು ಚಮಚವೂ ಸದ್ದು ಮಾಡಲಿಲ್ಲ. ಪೈಗಳು ಹಂದಿಗಳ ಪಾಲಾದವು.

ಈಗ ಪಕ್ಕದ ಹೊಲದ ಡೆಲ್ಲಾಳ ಮದುವೆ. ನೆರೆಯ ಮುದುಕ ಏಮಸ್ ಬಾಗಿಲಿಗೆ ಬಂದ.

"ತಾಯಿ, ನಿನ್ನ ತಾಮ್ರದ ಹಂಡೆ ಕೊಡು. ಅದರಂಥ ದನಿ ಊರಲ್ಲೇ ಇಲ್ಲ."

"ಅದು ತೂತು ಬಿದ್ದಿದೆ."

"ಬಿದ್ದರೇನು, ಅದರಲ್ಲಿ ಸಾರು ಕಾಯಿಸ್ತೀವಾ?"

ನೆರೆಯವರ ಎತ್ತಿಗೆ, ಕತ್ತೆಗೆ ಆಸೆಪಡಬೇಡ ಎಂದು ಬೈಬಲಿನಲ್ಲಿ ದೇವರು ವಿಧಿಸಿದ್ದಾನೆ. ಗದ್ದಲದ ಮಾತು ಅಲ್ಲಿ ಬಂದಿಲ್ಲ. ಆರ್ಫಾ ತುಟಿ ಕಚ್ಚಿದಳು.

"ಕೊಡಲ್ಲ. ನಾನೇ ಹೊತ್ತು ತರ್ತೀನಿ."

ಡೆಲ್ಲಾಳಿಗೆ ಏನು ದಕ್ಕುತ್ತದೆಂದು ಕಣ್ಣಾರೆ ನೋಡಬೇಕಿತ್ತು ಅವಳಿಗೆ.

ರಾತ್ರಿ ಜೋಳದ ಮರೆಯಲ್ಲಿ ಊರೆಲ್ಲ ಕುಕ್ಕರಗಾಲಲ್ಲಿ ಕೂತಿತ್ತು. ಡೆಲ್ಲಾಳ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಆರ್ಫಾ ತಡೆಯಲಾರದೆ ಸೌಟು ಎತ್ತಿದಳು. ಏಮಸ್ ಅವಳ ಮಣಿಕಟ್ಟು ಹಿಡಿದ.

"ಏ ಹುಚ್ಚಿ, ದೀಪ ಆರಲಿ! ಆರಿಸದೇ ಇದ್ರೆ ಬರಬೇಡಿ ಅಂತ ಅರ್ಥ."

"ಯಾರು ಹೇಳಿದ್ದು?"

"ಹೇಳೋದೇನು ಬಂತು, ಎಲ್ಲರಿಗೂ ಗೊತ್ತಿರೋದೇ. ನಿಮ್ಮನೆ ಮುಂದೆ ಮೂವತ್ತು ಜನ ಕೋಳಿ ಕೂಗೋವರೆಗೂ ಕೂತಿದ್ವಲ್ಲ! ಆ ಚಳಿಗೆ ನನ್ನ ಕಾಲ್ಬೆರಳು ಇವತ್ತಿಗೂ ಮರಗಟ್ಟುತ್ತೆ. ಪಟ್ಟಣದವರಿಗೆ ನಮ್ಮ ಸಹವಾಸ ಬೇಡ ಅಂತ ಎದ್ದು ಹೋದ್ವಿ."

ಬೆಳಗಿನವರೆಗೆ ತಾನು ಉರಿಸಿಟ್ಟಿದ್ದ ದೀಪ ಆರ್ಫಾಳಿಗೆ ನೆನಪಾಯಿತು. ಅಷ್ಟರಲ್ಲಿ ಕಿಟಕಿ ಕತ್ತಲಾಯಿತು. ಊರು ಒಮ್ಮೆಲೇ ಬಡಿಯಿತು. ಅವಳೂ ಹಂಡೆ ತಗ್ಗು ಬೀಳುವಂತೆ ಬಡಿದಳು. ಡೆಲ್ಲಾ ನಗುನಗುತ್ತ ಹೊರಬಂದಾಗ ಹೊಟ್ಟೆಯ ಕಿಚ್ಚು ಮತ್ತೆ ಭಗ್ಗೆಂದಿತು. ಕೊಟ್ಟ ಕೇಕನ್ನು ತಿನ್ನದೆ ಅಲ್ಲೇ ಇಟ್ಟಳು. ಎಲ್ಲರಿಗಿಂತ ಮೊದಲೇ ಮನೆಗೆ ಓಡಿದಳು.

ವರ್ಲಿನ್ ದೀಪದ ಬಳಿ ತೂಕಡಿಸುತ್ತಿದ್ದ.

"ಆರಿಸು."

"ಯಾಕೇ?"

"ಆರಿಸು ಅಂದೆನಲ್ಲ!"

ಕತ್ತಲಾಯಿತು. ದಾರಿಯಲ್ಲಿ ಮರಳುತ್ತಿದ್ದವರ ಮಾತು ಥಟ್ಟನೆ ನಿಂತಿತು. ಯಾರೋ ಕೆಮ್ಮಿದರು. ಆಮೇಲೆ ಏಮಸನ ಬೋಗುಣಿ ಢಣ್ ಎಂದಿತು. ಅದರ ಹಿಂದೆ ಮತ್ತೊಂದು, ಇನ್ನೊಂದು.

ಆರ್ಫಾ ಗಂಡನ ತೋಳು ಹಿಡಿದು ಅಳುತ್ತ ನಕ್ಕಳು.

"ಅಯ್ಯೋ ದೇವರೇ, ಮನೇಲಿ ಕೊಡೋಕೆ ಒಂದು ಸೇಬಿನ ಪೈಯೂ ಇಲ್ಲವಲ್ರೀ!"